ಒಂದು ಸಿಲಿಂಡರ್ ಗಾಳಿ ಎಷ್ಟು ಹೊತ್ತು ಬರುತ್ತೆ?

ಸ್ಕೂಬಾ ಡೈವಿಂಗ್ ಫೋಟೋ ನೋಡಿದವರೆಲ್ಲ ಕೇಳೋ ಮೊದಲ ಪ್ರಶ್ನೆ ಇದೇ. ಬೆನ್ನಿಗೆ ಕಟ್ಟಿಕೊಂಡ ಆ ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ? ಅರ್ಧ ಗಂಟೆಯಾ, ಎರಡು ಗಂಟೆಯಾ? ಡೈವಿಂಗ್ ಗೊತ್ತಿರೋರನ್ನ ಕೇಳಿದರೆ ನೇರ ಉತ್ತರ ಕೊಡಲ್ಲ. "ಎಷ್ಟು ಆಳದಲ್ಲಿ?" ಅಂತ ವಾಪಸ್ ಕೇಳ್ತಾರೆ. ಈ ಮರುಪ್ರಶ್ನೆ ಕೇಳೋದನ್ನ ಕಲಿಯೋಕೆ ಮನುಷ್ಯರಿಗೆ ಮುನ್ನೂರು ವರ್ಷ ಹಿಡೀತು. ಸುಮಾರು ಜೀವಗಳೂ ಹೋದವು. ಇವತ್ತಿನ ಬರಹ ಆ ಲೆಕ್ಕದ ಕತೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಹೆದರಬೇಡಿ, ಹೈಸ್ಕೂಲ್ ಗಣಿತ ಸಾಕು.

12 ಲೀಟರ್ ನೀರು ಹಿಡಿಯುವಷ್ಟು ದೊಡ್ಡ ಸಿಲಿಂಡರ್ ಅಂದುಕೊಳ್ಳಿ. ಅದರೊಳಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ, ನಾವು ಈಗ ಉಸಿರಾಡ್ತಾ ಇರೋ ಮಾಮೂಲಿ ಗಾಳಿಯ ಲೆಕ್ಕದಲ್ಲಿ ಸುಮಾರು 2400 ಲೀಟರ್ ಆಗುತ್ತೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಿಕ್ಕ ಬಚ್ಚಲುಮನೆಯಲ್ಲಿ ಇರುವಷ್ಟು ಗಾಳಿ. ಗಾಳಿಗೆ ತೂಕವೇ ಇಲ್ಲ ಅನ್ನೋರಿಗೆ ಹೇಳ್ತೀನಿ, ಇಷ್ಟು ಗಾಳಿ ಹೆಚ್ಚೂಕಡಿಮೆ ಮೂರು ಕೆಜಿ ತೂಗುತ್ತೆ.

ನಿಧಾನಕ್ಕೆ ಈಜುತ್ತಿರುವ ಒಬ್ಬ ಡೈವರ್ ನಿಮಿಷಕ್ಕೆ 20 ಲೀಟರ್ ಉಸಿರಾಡ್ತಾನೆ ಅಂತಿಟ್ಟುಕೊಳ್ಳಿ. ಅಂದರೆ ನೀರಿನ ಮೇಲಿದ್ದರೆ 120 ನಿಮಿಷ. ಈಗ ಕೆಳಗಿಳಿಯೋಣ:

10 ಮೀಟರ್ ಆಳದಲ್ಲಿ - 60 ನಿಮಿಷ
20 ಮೀಟರ್ ಆಳದಲ್ಲಿ - 40 ನಿಮಿಷ
30 ಮೀಟರ್ ಆಳದಲ್ಲಿ - 30 ನಿಮಿಷ
40 ಮೀಟರ್ ಆಳದಲ್ಲಿ - 24 ನಿಮಿಷ

ಅದೇ ಮನುಷ್ಯ, ಅದೇ ಸಿಲಿಂಡರ್. ಬರೀ ಹತ್ತು ಮೀಟರ್ ಇಳಿಯೋದರೊಳಗೆ ಅರ್ಧ ಸಮಯ ಮಾಯ!

ಯಾಕೆ ಹೀಗೆ? ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗಲೂ ನಮ್ಮ ತಲೆ ಮೇಲಿನ ಇಡೀ ವಾಯುಮಂಡಲದಷ್ಟು ಒತ್ತಡ ಮತ್ತೊಮ್ಮೆ ಸೇರುತ್ತೆ. ಹತ್ತು ಮೀಟರ್ ಆಳದಲ್ಲಿ ಎರಡು ಪಟ್ಟು, ಮೂವತ್ತರಲ್ಲಿ ನಾಲ್ಕು ಪಟ್ಟು. ಎದೆಯ ಮೇಲೆ ನಾಲ್ಕು ಪಟ್ಟು ಒತ್ತಡ ಇರುವಾಗ ಒಳಗೆ ಹೋಗೋ ಗಾಳಿಗೂ ಅಷ್ಟೇ ಒತ್ತಡ ಇರಬೇಕು, ಇಲ್ಲದಿದ್ದರೆ ಎದೆ ಅರಳೋದೇ ಇಲ್ಲ. ಅಲ್ಲಿಗೆ ಶ್ವಾಸಕೋಶ ತುಂಬೋ ಪ್ರತಿಯೊಂದು ಉಸಿರಿನಲ್ಲೂ ಮೇಲಿನ ನಾಲ್ಕು ಉಸಿರಿನ ಗಾಳಿ ಖರ್ಚಾಯ್ತು. ಗಾಳಿಯನ್ನ ಒತ್ತಿದಷ್ಟೂ ಕುಗ್ಗುತ್ತೆ ಅನ್ನೋ ಈ ನಿಯಮವನ್ನ ರಾಬರ್ಟ್ ಬಾಯ್ಲ್ 1662ರಲ್ಲೇ ಪ್ರಕಟಿಸಿದ್ದ. ಸೂತ್ರ ಪುಸ್ತಕದಲ್ಲಿ ಭದ್ರವಾಗಿತ್ತು, ನೀರಿಗಿಳಿಯೋರ ತಲೆಗೆ ಬರೋಕೆ ಮಾತ್ರ ತುಂಬಾ ಹೊತ್ತಾಯ್ತು.

ಹ್ಯಾಲಿಯ ಗಂಟೆ

ನೀರೊಳಗಿನ ಉಸಿರಿನ ಲೆಕ್ಕ ಇಟ್ಟ ಮೊದಲಿಗರಲ್ಲಿ ಒಬ್ಬ ನಮಗೆಲ್ಲ ಬೇರೆ ಕಾರಣಕ್ಕೆ ಗೊತ್ತಿರೋ ಮನುಷ್ಯ - ಎಡ್ಮಂಡ್ ಹ್ಯಾಲಿ. ಹೌದು, ಧೂಮಕೇತುವಿನ ಹ್ಯಾಲಿಯೇ. 1691ರ ಹೊತ್ತಿಗೆ ಆತ ಮುಳುಗುವ ಗಂಟೆಯೊಂದನ್ನ ಮಾಡಿಸಿದ್ದ. ದೇವಸ್ಥಾನದ ಗಂಟೆಯ ಆಕಾರದ, ತಳ ಇಲ್ಲದ ದೊಡ್ಡ ಮರದ ಪೀಪಾಯಿ. ಮುಳುಗಲಿ ಅಂತ ಹೊರಗೆ ಸೀಸದ ಹೊದಿಕೆ. ಒಳಗೆ ಸುಮಾರು 60 ಘನ ಅಡಿ, ಅಂದರೆ 1700 ಲೀಟರ್ ಜಾಗ. ಲೋಟವನ್ನ ಬೋರಲು ಹಾಕಿ ಬಕೆಟ್ಟಿನ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತಲ್ಲ, ಅದೇ ತತ್ವ.

ಲೋಟದ ಪ್ರಯೋಗ ಮಾಡಿದವರಿಗೆ ಇನ್ನೊಂದೂ ಗೊತ್ತಿರುತ್ತೆ. ಆಳಕ್ಕೆ ಒತ್ತಿದಷ್ಟೂ ಲೋಟದೊಳಗೆ ನೀರು ಮೇಲೇರುತ್ತೆ. 18 ಮೀಟರ್ ಇಳಿಸಿದರೆ ಗಂಟೆಯೊಳಗಿನ ಗಾಳಿ ಕುಗ್ಗಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜಾಗದಲ್ಲಿ ಕೂತುಬಿಡುತ್ತೆ. ಒಳಗಿದ್ದವರು ಕುತ್ತಿಗೆವರೆಗೆ ನೀರಿನಲ್ಲಿ! ಹ್ಯಾಲಿಯ ಉಪಾಯ ಏನಂದರೆ, ಸೀಸದ ಭಾರ ಕಟ್ಟಿದ ಪೀಪಾಯಿಗಳಲ್ಲಿ ಗಾಳಿ ತುಂಬಿ ಒಂದಾದ ಮೇಲೊಂದರಂತೆ ಕೆಳಗೆ ಕಳಿಸೋದು. ಅದರ ಕೊಳವೆಯನ್ನ ಗಂಟೆಯೊಳಗೆ ಎತ್ತಿ ಹಿಡಿದರೆ ಗಾಳಿ ಭುಸ್ಸಂತ ಒಳಗೆ ಬರುತ್ತೆ. ಉಸಿರಾಡಿ ಕೆಟ್ಟ ಬಿಸಿ ಗಾಳಿ ಮೇಲಕ್ಕೆ ಸೇರಿರುತ್ತಲ್ಲ, ಅದನ್ನ ಗಂಟೆಯ ನೆತ್ತಿಯಲ್ಲಿದ್ದ ನಲ್ಲಿ ತಿರುಗಿಸಿ ಹೊರಗೆ ಬಿಡೋದು. ಹೀಗೆ ಹ್ಯಾಲಿ ಮತ್ತು ಇನ್ನೂ ನಾಲ್ಕು ಜನ ಒಂಬತ್ತು ಹತ್ತು ಮಾರು ಆಳದಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಕೂತಿದ್ದರು.

ಇದಕ್ಕಿಂತ ನನಗೆ ಹಿಡಿಸಿದ್ದು ಆತನ ಅಳತೆ. ಚೀಲದಲ್ಲಿ ಒಂದು ಗ್ಯಾಲನ್ ಗಾಳಿ ತುಂಬಿ ಅದನ್ನೇ ಎಳೆದು ಬಿಟ್ಟು ಮಾಡಿದರೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿಗೆ ಅದು ಉಸಿರಾಡೋಕೆ ನಾಲಾಯಕ್ ಆಗುತ್ತೆ ಅಂತ ಬರೆದಿಟ್ಟಿದ್ದ. ಆಗಿನ್ನೂ ಆಮ್ಲಜನಕ ಅನ್ನೋ ಹೆಸರೇ ಹುಟ್ಟಿರಲಿಲ್ಲ. ಏನು ಖಾಲಿಯಾಗ್ತಾ ಇದೆ ಅಂತ ಗೊತ್ತಿಲ್ಲದೆಯೇ ಎಷ್ಟು ಹೊತ್ತಿಗೆ ಖಾಲಿಯಾಗುತ್ತೆ ಅಂತ ಅಳೆದಿದ್ದ ಪುಣ್ಯಾತ್ಮ!

ಪಂಪು ತಿರುಗಿಸೋರು

1837ರಲ್ಲಿ ಆಗಸ್ಟಸ್ ಸೀಬೆ ಅನ್ನೋ ಜರ್ಮನ್ ಮೂಲದ ಲಂಡನ್ ಎಂಜಿನಿಯರ್ ತಾಮ್ರದ ಶಿರಸ್ತ್ರಾಣ ಮತ್ತು ನೀರು ನುಗ್ಗದ ಉಡುಪು ಸೇರಿಸಿ ಪೂರ್ತಿ ಮುಚ್ಚಿದ ಡೈವಿಂಗ್ ಸೂಟ್ ಮಾಡಿದ. ಟಿನ್‌ಟಿನ್ ಕಾಮಿಕ್ಸಿನಲ್ಲಿ ನೋಡಿರ್ತೀರಲ್ಲ, ಗುಂಡನೆಯ ತಲೆ, ಗಾಜಿನ ಕಿಟಕಿ, ಹಿಂದೆ ಉದ್ದನೆಯ ಕೊಳವೆ - ಅದೇ. ದೋಣಿಯ ಮೇಲೆ ಆಳುಗಳು ಪಂಪು ತಿರುಗಿಸ್ತಾ ಇದ್ದರೆ ಕೆಳಗೆ ಗಾಳಿ ಹೋಗ್ತಾ ಇರುತ್ತೆ. ಗಾಳಿ ಹೊತ್ತೊಯ್ಯೋ ಗೋಜೇ ಇಲ್ಲ. ಸಮಸ್ಯೆ ಮುಗೀತು ಅಂತ ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ. ಆಳಕ್ಕೆ ಹೋದ ಡೈವರುಗಳು ಸ್ವಲ್ಪ ಕೆಲಸ ಮಾಡಿದರೂ ಏದುಸಿರು ಬಿಡ್ತಿದ್ದರು, ತಲೆ ಸಿಡೀತಿತ್ತು, ಕೆಲವರು ಎಚ್ಚರ ತಪ್ಪುತ್ತಿದ್ದರು. ಇದು ನೀರಿನ ಒತ್ತಡದ ಪ್ರಭಾವ, ಮನುಷ್ಯನ ದೇಹಕ್ಕೆ ಅಷ್ಟೇ ತಾಕತ್ತಿರೋದು ಅನ್ನೋ ನಂಬಿಕೆ ಇತ್ತು. ಸುಮಾರು ಎಪ್ಪತ್ತು ವರ್ಷ ಹೀಗೇ ನಡೀತು. ಇದನ್ನ ಬಿಡಿಸಿದವನ ಕತೆಗೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ಫ್ರಾನ್ಸಿಗೆ ಹೋಗಿಬರೋಣ.

ಕ್ಯಾಪ್ಟನ್ ನೆಮೋನ ತಪ್ಪು ಲೆಕ್ಕ

ಬೆನ್ವಾ ರುಕೇರೋಲ್ ಅನ್ನೋ ಫ್ರೆಂಚ್ ಗಣಿ ಎಂಜಿನಿಯರ್ 1860ರಲ್ಲಿ ಒಂದು ಕವಾಟ ಕಂಡುಹಿಡಿದ. ಗಣಿಯಲ್ಲಿ ವಿಷಗಾಳಿ ತುಂಬಿದಾಗ ಸಿಕ್ಕಿಹಾಕಿಕೊಂಡವರನ್ನ ಉಳಿಸೋದಕ್ಕೆ. ಉಸಿರು ಎಳೆದಾಗ ಮಾತ್ರ ಗಾಳಿ ಬಿಡುತ್ತೆ, ಎಳೆಯದಿದ್ದರೆ ಮುಚ್ಚಿಕೊಂಡಿರುತ್ತೆ. ನೌಕಾಪಡೆಯ ಅಧಿಕಾರಿ ಓಗುಸ್ತ್ ದೆನೆರೂಜ್ ಜೊತೆ ಸೇರಿ 1864-65ರ ಹೊತ್ತಿಗೆ ಅದನ್ನ ಡೈವಿಂಗ್‌ಗೆ ಹೊಂದಿಸಿದರು. ಬೆನ್ನ ಮೇಲೆ ಲೋಹದ ಡಬ್ಬಿ, ಅದಕ್ಕೆ ಮೇಲಿನಿಂದ ಪಂಪಿನ ಕೊಳವೆ. ಬೇಕಾದರೆ ಕೊಳವೆ ಕಳಚಿ ಸ್ವಲ್ಪ ಹೊತ್ತು ಸ್ವತಂತ್ರವಾಗಿ ಓಡಾಡಬಹುದು. ಆ ಕಾಲದ ಡಬ್ಬಿಗಳಿಗೆ ಈಗಿನಂತೆ 200 ಬಾರ್ ತಡೆಯೋ ಶಕ್ತಿ ಇರಲಿಲ್ಲವಾದ್ದರಿಂದ ಆ ಸ್ವಾತಂತ್ರ್ಯ ನಿಮಿಷಗಳ ಲೆಕ್ಕದ್ದು.

ಈ ಸಾಧನ ಒಬ್ಬ ಕಾದಂಬರಿಕಾರನ ಕಣ್ಣಿಗೆ ಬಿತ್ತು. ಜೂಲ್ಸ್ ವರ್ನ್ ತನ್ನ 'ಸಮುದ್ರದಡಿ ಇಪ್ಪತ್ತು ಸಾವಿರ ಲೀಗ್' ಕಾದಂಬರಿಯಲ್ಲಿ (1870) ಇದೇ ರುಕೇರೋಲ್-ದೆನೆರೂಜ್ ಸಾಧನವನ್ನ ಹೆಸರು ಹೇಳಿಯೇ ಬಳಸಿಕೊಂಡಿದ್ದಾನೆ. ಕ್ಯಾಪ್ಟನ್ ನೆಮೋ ಕೊಳವೆ ಕಿತ್ತುಹಾಕಿ, ಡಬ್ಬಿಯಲ್ಲಿ 50 ವಾಯುಮಂಡಲ ಒತ್ತಡದ ಗಾಳಿ ತುಂಬಿಸಿ, ಇದು ಒಂಬತ್ತು ಹತ್ತು ಗಂಟೆ ಬರುತ್ತೆ ಅಂತಾನೆ. ಆಮೇಲೆ ಅತಿಥಿಗಳನ್ನ ಕರ್ಕೊಂಡು ಸಮುದ್ರದ ತಳದ ಕಾಡಿನಲ್ಲಿ ಬೇಟೆಗೆ ಹೋಗಿ 150 ಮೀಟರ್ ಆಳದವರೆಗೆ ನಡೀತಾನೆ.

ನಮ್ಮ ಸೂತ್ರ ಹಾಕಿ ನೋಡೋಣ. 150 ಮೀಟರಿನಲ್ಲಿ ಒತ್ತಡ 16 ಪಟ್ಟು. ನಿಮಿಷಕ್ಕೆ 20 ಲೀಟರ್ ಉಸಿರಾಡಿದರೂ ಮೇಲಿನ ಲೆಕ್ಕದಲ್ಲಿ 320 ಲೀಟರ್ ಖರ್ಚು. ನೆಮೋ ಬೆನ್ನ ಮೇಲೆ ನೂರು ಲೀಟರಿನ ಡ್ರಮ್ಮನ್ನೇ ಹೊತ್ತಿದ್ದ ಅಂತಿಟ್ಟುಕೊಳ್ಳಿ. ಹೊರಗೇ 16 ಪಟ್ಟು ಒತ್ತಡ ಇರೋದರಿಂದ ಡ್ರಮ್ಮಿನ ಒತ್ತಡ 16ಕ್ಕೆ ಇಳಿದ ಮೇಲೆ ಗಾಳಿ ಹೊರಗೇ ಬರಲ್ಲ. ಸಿಗೋದು 34 ಪಟ್ಟು ಮಾತ್ರ, ಅಂದರೆ 3400 ಲೀಟರ್. ಭಾಗಿಸಿದರೆ... ಹತ್ತೂವರೆ ನಿಮಿಷ! ಹತ್ತು ಗಂಟೆ ಎಲ್ಲಿ, ಹತ್ತು ನಿಮಿಷ ಎಲ್ಲಿ :-)

ವರ್ನ್‌ಗೆ ಒತ್ತಡದ ವಿಷಯ ಗೊತ್ತಿರಲಿಲ್ಲ ಅಂತಲ್ಲ. ಆಳ ಹೆಚ್ಚಿದಂತೆ ಮೈ ಮೇಲೆ ಎಷ್ಟು ಒತ್ತಡ ಬೀಳುತ್ತೆ ಅಂತ ಅದೇ ಪುಸ್ತಕದಲ್ಲಿ ಪಾತ್ರಗಳು ಲೆಕ್ಕ ಹಾಕ್ತಾವೆ. ಆ ಒತ್ತಡ ಮೈಯನ್ನ ಒತ್ತುತ್ತೆ ಅಂತ ಯೋಚಿಸಿದ, ಗಾಳಿಯನ್ನೂ ನುಂಗುತ್ತೆ ಅಂತ ಯೋಚಿಸಲಿಲ್ಲ. ಆ ಕಾಲದ ಬಹಳಷ್ಟು ಎಂಜಿನಿಯರುಗಳೂ ಅಲ್ಲೇ ಎಡವಿದ್ದರಿಂದ ಕಾದಂಬರಿಕಾರನನ್ನ ಬೈದು ಪ್ರಯೋಜನ ಇಲ್ಲ.

ಅಡ್ಡದಾರಿ

ಇಲ್ಲಿ ಒಂದು ತಮಾಷೆ ಇದೆ. ನಾವು ಎಳೆಯೋ ಗಾಳಿಯಲ್ಲಿ 21% ಆಮ್ಲಜನಕ, ಬಿಡೋ ಗಾಳಿಯಲ್ಲಿ ಇನ್ನೂ 16-17% ಹಾಗೇ ಇರುತ್ತೆ. 20 ಲೀಟರ್ ಉಸಿರಾಡಿದರೆ ದೇಹ ನಿಜವಾಗಿ ತಗೊಳ್ಳೋದು ಒಂದು ಲೀಟರಿಗಿಂತ ಕಡಿಮೆ ಆಮ್ಲಜನಕ. ಆಳಕ್ಕೆ ಹೋದರೂ ಈ ಅಗತ್ಯ ಹೆಚ್ಚಾಗಲ್ಲ. ಅಂದರೆ 30 ಮೀಟರಿನಲ್ಲಿ 80 ಲೀಟರ್ ಗಾಳಿ ಖರ್ಚು ಮಾಡಿ ಒಂದು ಲೀಟರ್ ಉಪಯೋಗಿಸ್ತೀವಿ. ಉಳಿದಿದ್ದೆಲ್ಲ ಗುಳ್ಳೆ! ನಮ್ಮ 12 ಲೀಟರ್ ಸಿಲಿಂಡರಿನಲ್ಲಿರೋ ಆಮ್ಲಜನಕವನ್ನ ಒಂಚೂರೂ ಪೋಲು ಮಾಡದೆ ಬಳಸೋದಾದರೆ ಎಷ್ಟು ಹೊತ್ತು ಬರಬೇಕಿತ್ತು ಗೊತ್ತಾ? ಒಂಬತ್ತು ಗಂಟೆಗಿಂತ ಹೆಚ್ಚು.

ಹಾಗಾದರೆ ಬಿಟ್ಟ ಉಸಿರನ್ನೇ ತೊಳೆದು ಮತ್ತೆ ಉಸಿರಾಡಿದರೆ? ಹೆನ್ರಿ ಫ್ಲೂಸ್ ಅನ್ನೋ ಇಂಗ್ಲಿಷ್ ಎಂಜಿನಿಯರ್ 1878ರ ಹೊತ್ತಿಗೆ ಅದನ್ನೇ ಮಾಡಿದ. ಒಂದು ಚೀಲ, ಒಂದು ಚಿಕ್ಕ ಆಮ್ಲಜನಕದ ಸಿಲಿಂಡರ್, ಇಂಗಾಲದ ಡೈಆಕ್ಸೈಡನ್ನ ಹೀರಿಕೊಳ್ಳೋಕೆ ಕಾಸ್ಟಿಕ್ ಪೊಟ್ಯಾಷಿನಲ್ಲಿ ನೆನೆಸಿದ ಹಗ್ಗದ ನಾರು. ಗುಳ್ಳೆಯೇ ಇಲ್ಲ.

ಅದರ ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ನಡುವೆ ಸೆವರ್ನ್ ನದಿಯಡಿ ರೈಲ್ವೆ ಸುರಂಗ ತೋಡ್ತಿದ್ದಾಗ 1879ರಲ್ಲಿ ದೊಡ್ಡ ಸೆಲೆಯೊಂದು ಒಡೆದು ಇಡೀ ಸುರಂಗ ನೀರು ತುಂಬಿಹೋಯ್ತು. ಒಳಗೆ ಸುಮಾರು ಸಾವಿರ ಅಡಿ ದೂರದಲ್ಲಿ ಒಂದು ಕಬ್ಬಿಣದ ಬಾಗಿಲು ತೆರೆದೇ ಉಳಿದಿತ್ತು. ಅದನ್ನ ಮುಚ್ಚದೆ ನೀರು ಖಾಲಿ ಮಾಡೋಕೆ ಆಗಲ್ಲ. 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಅನ್ನೋ ಡೈವರ್ ಮಾಮೂಲಿ ಶಿರಸ್ತ್ರಾಣ ಹಾಕ್ಕೊಂಡು ಹೊರಟ. ಗಾಳಿಯ ಕೊಳವೆ ತೇಲಿ ಸುರಂಗದ ಚಾವಣಿಗೆ ತಗುಲಿಕೊಂಡು, ಎಳೆದು ಎಳೆದು ಸುಸ್ತಾಗಿ ಬಾಗಿಲು ಮುಟ್ಟದೆಯೇ ವಾಪಸ್ ಬಂದ. ಆಮೇಲೆ ಫ್ಲೂಸ್‌ನ ಸಾಧನ ಕಟ್ಟಿಕೊಂಡು, ಕೊಳವೆ ಇಲ್ಲ, ಬೆಳಕಿಲ್ಲ, ಕಗ್ಗತ್ತಲಲ್ಲಿ ತಡವರಿಸ್ತಾ ಹೋಗಿ, ಅಡ್ಡವಾಗಿದ್ದ ಹಳಿ ಕಿತ್ತು ಬಾಗಿಲು ಮುಚ್ಚಿ ಬಂದ. ಓದುವಾಗ ನನ್ನ ಉಸಿರೇ ಕಟ್ಟಿತ್ತು. 1886ರಲ್ಲಿ ಆ ಸುರಂಗದಲ್ಲಿ ರೈಲು ಓಡಿತು, ಈಗಲೂ ಓಡ್ತಾ ಇದೆ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಬಳಸಲ್ಲ? ಒತ್ತಡದಲ್ಲಿ ಶುದ್ಧ ಆಮ್ಲಜನಕ ವಿಷ. ಫ್ರೆಂಚ್ ವಿಜ್ಞಾನಿ ಪಾಲ್ ಬೇರ್ 1878ರಲ್ಲೇ ಇದನ್ನ ತೋರಿಸಿದ್ದ. ಆರು ಮೀಟರಿಗಿಂತ ಕೆಳಗೆ ಶುದ್ಧ ಆಮ್ಲಜನಕ ಉಸಿರಾಡಬೇಡಿ ಅಂತ ಈಗಿನ ನಿಯಮ. ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು, ನೀರೊಳಗೆ ಫಿಟ್ಸ್ ಬಂದರೆ ಕತೆ ಮುಗೀತು. ಮುಂದೆ ಪ್ರಸಿದ್ಧನಾದ ಜಾಕ್ ಕೂಸ್ತೋ ಕೂಡ ಯೌವನದಲ್ಲಿ ತಾನೇ ಮಾಡಿಕೊಂಡ ಆಮ್ಲಜನಕದ ಸಾಧನ ಕಟ್ಟಿಕೊಂಡು ಇಳಿದು ಎರಡು ಸಲ ಮೈ ಸೆಟೆದು ಸಾಯೋದರಲ್ಲಿ ಬದುಕಿದ. ಪೋಲು ಮಾಡೋ ಗಾಳಿಯೇ ವಾಸಿ ಅಂತ ವಾಪಸ್ ಬಂದದ್ದು ಹಾಗೆ. ಸೆನ್ಸರುಗಳ ಕಾವಲಿನಲ್ಲಿ ಮಿಶ್ರಣ ಸರಿಹೊಂದಿಸುವ ಇಂಥ ಸಾಧನಗಳು ಈಗ ಇವೆ. ಬೆಲೆ, ತರಬೇತಿ ಎರಡೂ ಜಾಸ್ತಿ.

ಹಾಲ್ಡೇನ್ ಬಿಡಿಸಿದ ಗಂಟು

ಈಗ ಆ ಏದುಸಿರಿನ ಡೈವರುಗಳ ಹತ್ತಿರ ವಾಪಸ್ ಬರೋಣ. 1905ರಲ್ಲಿ ಬ್ರಿಟಿಷ್ ನೌಕಾಪಡೆ ಆಳದ ಡೈವಿಂಗ್ ಬಗ್ಗೆ ಸಮಿತಿ ಮಾಡಿ ಜಾನ್ ಸ್ಕಾಟ್ ಹಾಲ್ಡೇನ್ ಅನ್ನೋ ಶರೀರವಿಜ್ಞಾನಿಯನ್ನ ಸೇರಿಸಿಕೊಂಡಿತು. (ಈತನ ಮಗ ಜೆ.ಬಿ.ಎಸ್. ಹಾಲ್ಡೇನ್, ಕೊನೆಗಾಲದಲ್ಲಿ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ.) ಅಪ್ಪ ಹಾಲ್ಡೇನ್ ಅದೇ ವರ್ಷ ಪ್ರೀಸ್ಟ್ಲಿ ಜೊತೆ ಸೇರಿ ಒಂದು ಮುಖ್ಯ ವಿಷಯ ತೋರಿಸಿದ್ದ. ನಮ್ಮ ಉಸಿರಾಟದ ವೇಗ ನಿರ್ಧರಿಸೋದು ಆಮ್ಲಜನಕದ ಕೊರತೆ ಅಲ್ಲ, ರಕ್ತದಲ್ಲಿ ಸೇರಿಕೊಳ್ಳೋ ಇಂಗಾಲದ ಡೈಆಕ್ಸೈಡ್.

ಹಾಲ್ಡೇನ್ ಮಾಡಿದ ಕೆಲಸ ಬಹಳ ಸರಳ. ಡೈವರುಗಳ ಶಿರಸ್ತ್ರಾಣದೊಳಗಿನ ಗಾಳಿಯ ಮಾದರಿ ತರಿಸಿ ಪರೀಕ್ಷೆ ಮಾಡಿದ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿತ್ತು! ದೇಹ ಸೋತಿರಲಿಲ್ಲ, ಪಂಪು ಸೋತಿತ್ತು. ಮೇಲೆ ಪಂಪು ತಿರುಗಿಸೋರು ಅದೇ ವೇಗದಲ್ಲಿ ತಿರುಗಿಸ್ತಾ ಇದ್ದರು. ಕೆಳಗೆ ಹೋಗೋ ಹೊತ್ತಿಗೆ ಆ ಗಾಳಿ ಕುಗ್ಗಿ ಹಿಡಿಯಷ್ಟಾಗ್ತಿತ್ತು. ಸಾಲದ್ದಕ್ಕೆ ಒತ್ತಡ ಹೆಚ್ಚಿದಂತೆ ಪಂಪುಗಳು ಸೋರ್ತಾನೂ ಇದ್ದವು.

ಹಾಲ್ಡೇನ್ ಕೊಟ್ಟ ನಿಯಮ ಒಂದೇ ಸಾಲಿನದ್ದು. ಡೈವರಿಗೆ ನಿಮಿಷಕ್ಕೆ ಒಂದೂವರೆ ಘನ ಅಡಿ, ಅಂದರೆ ಸುಮಾರು 42 ಲೀಟರ್ ಗಾಳಿ ಬೇಕು - ಆದರೆ ಆ 42 ಲೀಟರನ್ನ ಡೈವರ್ ಇರೋ ಆಳದ ಒತ್ತಡದಲ್ಲಿ ಅಳೀಬೇಕು. ಹತ್ತು ಮೀಟರಿನಲ್ಲಿದ್ದರೆ ಮೇಲೆ ಎರಡು ಪಟ್ಟು ಪಂಪು ಮಾಡಿ, ಮೂವತ್ತರಲ್ಲಿದ್ದರೆ ನಾಲ್ಕು ಪಟ್ಟು. ಈ ನಿಯಮದ ಪ್ರಕಾರ ಪಂಪಿನ ಶಕ್ತಿ ಹೆಚ್ಚಿಸಿ, ಹಾಲ್ಡೇನ್‌ನ ಹಂತಹಂತವಾಗಿ ಮೇಲೆ ಬರುವ ಕ್ರಮವನ್ನೂ ಪಾಲಿಸಿ, 1906ರಲ್ಲಿ ಡೇಮಂಟ್ ಮತ್ತು ಕ್ಯಾಟೋ ಅನ್ನೋ ಇಬ್ಬರು ಸ್ಕಾಟ್ಲೆಂಡಿನ ಕಡಲಲ್ಲಿ 210 ಅಡಿ, ಅಂದರೆ 64 ಮೀಟರ್ ಇಳಿದು ಆರಾಮಾಗಿ ವಾಪಸ್ ಬಂದರು. ಎಪ್ಪತ್ತು ವರ್ಷ ಮನುಷ್ಯನ ಮಿತಿ ಅಂದುಕೊಂಡಿದ್ದು ಗುಣಾಕಾರದ ತಪ್ಪಾಗಿತ್ತು!

ಈ 42 ಲೀಟರ್ ಹಳೇ ಸಂಖ್ಯೆ ಅಂದುಕೊಳ್ಳಬೇಡಿ. ಈಗಲೂ ಕೆಲಸದ ಡೈವರುಗಳಿಗೆ ಯೋಜನೆ ಮಾಡುವಾಗ ನಿಮಿಷಕ್ಕೆ 35-40 ಲೀಟರ್ ಹಿಡೀತಾರೆ. ನೂರು ವರ್ಷದಲ್ಲಿ ಕಂಪ್ಯೂಟರ್ ಬಂತು, ಶ್ವಾಸಕೋಶ ಹೊಸ ವರ್ಶನ್ ಬಂದಿಲ್ಲ.

ಕಾರಿನ ಕವಾಟ

1920-30ರ ದಶಕಗಳಲ್ಲಿ ಫ್ರೆಂಚ್ ನೌಕಾಧಿಕಾರಿ ಈವ್ ಲ ಪ್ರಿಯರ್ ಹೆಚ್ಚು ಒತ್ತಡದ ಸಿಲಿಂಡರ್ ಕಟ್ಟಿಕೊಂಡು ಕೊಳವೆ ಇಲ್ಲದೆ ಈಜಿ ತೋರಿಸಿದ. ಆದರೆ ಅದರ ನಲ್ಲಿಯನ್ನ ಕೈಯಲ್ಲಿ ತಿರುಗಿಸಬೇಕು, ಗಾಳಿ ಒಂದೇ ಸಮ ಹರೀತಾ ಇರುತ್ತೆ. ಉಸಿರು ಬಿಡುವಾಗಲೂ ಗಾಳಿ ಸುರಿದು ಹೋಗ್ತಿತ್ತು. ಹಲ್ಲುಜ್ಜುವಾಗ ನಲ್ಲಿ ತೆರೆದಿಟ್ಟ ಹಾಗೆ. ರುಕೇರೋಲ್‌ನ ಎಳೆದಾಗ ಮಾತ್ರ ತೆರೆಯೋ ಕವಾಟವನ್ನ ಅಷ್ಟು ಹೊತ್ತಿಗೆ ಬಹುತೇಕ ಮರೆತೇಬಿಟ್ಟಿದ್ದರು.

ಅದು ಮತ್ತೆ ಹುಟ್ಟಿದ್ದು ಯುದ್ಧದ ಮಧ್ಯೆ, ಅದೂ ಕಾರಿನಿಂದ. ಜರ್ಮನ್ನರು ಆಕ್ರಮಿಸಿದ್ದ ಪ್ಯಾರಿಸ್ಸಿನಲ್ಲಿ ಪೆಟ್ರೋಲ್ ಸಿಗ್ತಿರಲಿಲ್ಲ. ಕಾರುಗಳನ್ನ ಗ್ಯಾಸಿನಲ್ಲಿ ಓಡಿಸೋದಕ್ಕೆ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಒಂದು ಕವಾಟ ಮಾಡಿದ್ದ. ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುತ್ತೆ. 1942ರ ಡಿಸೆಂಬರಿನಲ್ಲಿ ಕೂಸ್ತೋ ಗಾನ್ಯಾನ್‌ನನ್ನ ಭೇಟಿ ಮಾಡಿ, ಎಂಜಿನ್ ಬದಲು ಮನುಷ್ಯ ಎಳೆದಾಗ ಗಾಳಿ ಬಿಡೋ ಹಾಗೆ ಬೇಕು ಅಂದ.

1943ರ ಶುರುವಿನಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ. ಅಡ್ಡ ಮಲಗಿ ಈಜಿದರೆ ಸರಿ, ನೆಟ್ಟಗೆ ನಿಂತರೆ ಗಾಳಿ ಭರ್ರಂತ ಸೋರುತ್ತೆ, ತಲೆಕೆಳಗಾದರೆ ಉಸಿರೇ ಎಳೆಯೋಕಾಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಳ್ಳೇ ಬಗ್! ಕಾರಣ ಏನಂದರೆ ಗಾಳಿ ಬರೋ ಕವಾಟ ಒಂದು ಎತ್ತರದಲ್ಲಿ, ಬಿಟ್ಟ ಉಸಿರು ಹೊರಹೋಗೋ ಬಾಯಿ ಇನ್ನೊಂದು ಎತ್ತರದಲ್ಲಿ ಇತ್ತು. ನೀರಿನಲ್ಲಿ ಗೇಣು ಎತ್ತರದ ವ್ಯತ್ಯಾಸವೂ ಒತ್ತಡದ ವ್ಯತ್ಯಾಸವೇ. ಎರಡನ್ನೂ ಅಕ್ಕಪಕ್ಕ ಇಟ್ಟರು, ಸರಿಹೋಯ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಫ್ರೆದರಿಕ್ ದ್ಯುಮಾ ಅದನ್ನ ಕಟ್ಟಿಕೊಂಡು 62 ಮೀಟರ್ ಇಳಿದ. ಹಾಲ್ಡೇನ್‌ನ ಡೈವರುಗಳು ಪಂಪು, ಆಳುಗಳ ಬಲದಿಂದ ಮುಟ್ಟಿದ್ದ ಆಳವನ್ನ ಒಬ್ಬನೇ, ಬೆನ್ನಿನ ಸಿಲಿಂಡರಿನಲ್ಲಿ ಹೆಚ್ಚೂಕಡಿಮೆ ಮುಟ್ಟಿದ.

ಯಂತ್ರದ ಸಮಸ್ಯೆ ಅಲ್ಲಿಗೆ ಮುಗೀತು. ಲೆಕ್ಕದ ಸಮಸ್ಯೆ ಶುರುವಾಗಿದ್ದೇ ಅಲ್ಲಿಂದ. ಪಂಪು ಇದ್ದಾಗ ಮೇಲಿದ್ದವರು ನೋಡ್ಕೊಳ್ತಿದ್ದರು. ಈಗ ಪ್ರತಿಯೊಬ್ಬ ಡೈವರೂ ತನ್ನ ಉಸಿರಿನ ಲೆಕ್ಕ ತಾನೇ ಇಡಬೇಕು.

ರಿಸರ್ವ್‌ಗೆ ಹಾಕೋದು

ಹಳೇ ಬೈಕುಗಳಲ್ಲಿ ಪೆಟ್ರೋಲ್ ನಲ್ಲಿಗೆ 'ರಿಸರ್ವ್' ಅಂತ ಒಂದಿತ್ತು, ನೆನಪಿದೆಯಾ? ಗಾಡಿ ಗೊರಗೊರ ಅಂದಾಗ ಕೆಳಗೆ ಕೈ ಹಾಕಿ ತಿರುಗಿಸೋದು, ಹತ್ತಿರದ ಬಂಕ್ ಹುಡುಕೋದು. 1950-60ರ ದಶಕದ ಸ್ಕೂಬಾ ಸಿಲಿಂಡರುಗಳಲ್ಲೂ ಅಂಥದ್ದೇ ಇತ್ತು. ಒತ್ತಡ ಸುಮಾರು 20-35 ಬಾರ್‌ಗೆ ಇಳಿದಾಗ ಸ್ಪ್ರಿಂಗ್ ಕವಾಟ ಗಾಳಿಯನ್ನ ತಡೆಯೋಕೆ ಶುರುಮಾಡುತ್ತೆ. ಉಸಿರು ಬಿಗಿಯಾದ ತಕ್ಷಣ ಬೆನ್ನ ಹಿಂದೆ ಕೈ ಹಾಕಿ ಕಡ್ಡಿ ಎಳೆದರೆ ಉಳಿದ ಗಾಳಿ ಸಿಗುತ್ತೆ. ಎಷ್ಟಿದೆ ಅಂತ ತೋರಿಸೋ ಮೀಟರ್ ಬಹುತೇಕರ ಹತ್ತಿರ ಇರಲೇ ಇಲ್ಲ.

ಇದರ ತೊಂದರೆ ಬೈಕ್ ಓಡಿಸಿದವರಿಗೆ ಹೇಳಬೇಕಾಗಿಲ್ಲ. ರಿಸರ್ವ್‌ನಲ್ಲೇ ಬಿಟ್ಟು ಮರೆತರೆ ಮುಂದಿನ ಸಲ ಗೊರಗೊರ ಸೂಚನೆಯೇ ಇಲ್ಲ, ಸೀದಾ ನಿಂತುಬಿಡುತ್ತೆ. ಡೈವರಿನ ಕಡ್ಡಿಯೂ ಹಾಗೇ. ಬಂಡೆಗೋ ಬಲೆಗೋ ತಗುಲಿ ಮೊದಲೇ ಕೆಳಗೆ ಬಂದಿದ್ದರೆ, ಉಸಿರು ಬಿಗಿಯಾದಾಗ ಎಳೆಯೋಕೆ ಏನೂ ಉಳಿದಿರಲ್ಲ. ಬೈಕಾದರೆ ತಳ್ಕೊಂಡು ಹೋಗಬಹುದು. ನೀರೊಳಗೆ?

1970ರ ದಶಕದಲ್ಲಿ ನೀರೊಳಗೆ ಕೈಯಲ್ಲಿ ಹಿಡಿದು ನೋಡೋ ಒತ್ತಡದ ಮೀಟರುಗಳು ಸಾಮಾನ್ಯವಾದವು. ರಿಸರ್ವ್ ಕಡ್ಡಿ ಮೆಲ್ಲಗೆ ಮ್ಯೂಸಿಯಂ ಸೇರಿತು. ಇಷ್ಟು ಸಣ್ಣ ವಿಷಯ ಬರೋಕೆ ಯಾಕೆ ಇಷ್ಟು ತಡ ಅನ್ನಿಸುತ್ತೆ. ಗಾಳಿ ತಲುಪಿಸೋದನ್ನ ಎಲ್ಲರೂ ಎಂಜಿನಿಯರಿಂಗ್ ಅಂದುಕೊಂಡರು, ಎಷ್ಟು ಉಳಿದಿದೆ ಅಂತ ಹೇಳೋದನ್ನ ಅಲಂಕಾರ ಅಂದುಕೊಂಡರು ಅಂತ ನನಗನ್ನಿಸೋದು. ನಮ್ಮ ಫೀಲ್ಡಲ್ಲೂ ಮಾನಿಟರಿಂಗ್ ಯಾವಾಗಲೂ ಕೊನೇ ರಿಲೀಸಿಗೇ ಅಲ್ವಾ?

ಮೀಟರ್ ಬಂದರೂ ಲೆಕ್ಕ ಬರಬೇಕು. ಇನ್ನೊಂದು ಉದಾಹರಣೆ ನೋಡಿ. 30 ಮೀಟರ್ ಆಳದಲ್ಲಿದ್ದೀರಿ, ಮೀಟರಿನಲ್ಲಿ 50 ಬಾರ್ ಇದೆ. ಅಂದರೆ 600 ಲೀಟರ್. ಶಾಂತವಾಗಿದ್ದರೆ ಏಳೂವರೆ ನಿಮಿಷ. ಪಕ್ಕದವರ ಗಾಳಿ ಖಾಲಿಯಾಗಿ ನಿಮ್ಮದನ್ನೇ ಹಂಚಿಕೊಳ್ಳಬೇಕಾಯ್ತು ಅಂತಿಟ್ಟುಕೊಳ್ಳಿ. ಇಬ್ಬರೂ ಗಾಬರಿ, ಗಾಬರಿಯಾದರೆ ಉಸಿರು ನಿಮಿಷಕ್ಕೆ 40 ಲೀಟರ್ ಆಗೋದು ಮಾಮೂಲು. 40, ಇಬ್ಬರು, ನಾಲ್ಕು ಪಟ್ಟು - ನಿಮಿಷಕ್ಕೆ 320 ಲೀಟರ್. ಎರಡು ನಿಮಿಷವೂ ಇಲ್ಲ! ಸುರಕ್ಷಿತ ವೇಗದಲ್ಲಿ ಮೇಲೆ ಬರೋಕೇ ಮೂರು ನಿಮಿಷಕ್ಕಿಂತ ಹೆಚ್ಚು ಬೇಕು. ಮೀಟರಿನ ಮುಳ್ಳು ಕಾಲು ಭಾಗ ತೋರಿಸ್ತಿದ್ದರೂ ಲೆಕ್ಕದ ಪ್ರಕಾರ ಸಿಲಿಂಡರ್ ಆಗಲೇ ಖಾಲಿ.

ಮೂರನೇ ಒಂದು

ಈ ಲೆಕ್ಕವನ್ನ ಎಲ್ಲರಿಗಿಂತ ಗಂಭೀರವಾಗಿ ತಗೊಂಡವರು ನೀರು ತುಂಬಿದ ಗುಹೆಗಳಲ್ಲಿ ಈಜೋರು. ಅಲ್ಲಿ ತೊಂದರೆಯಾದರೆ ಮೇಲಕ್ಕೆ ಬರೋಕಾಗಲ್ಲ, ಮೇಲೆ ಬಂಡೆ. ಫ್ಲೋರಿಡಾದ ಗುಹೆಗಳಲ್ಲಿ ಅರವತ್ತು ಎಪ್ಪತ್ತರ ದಶಕಗಳಲ್ಲಿ ತುಂಬಾ ಜನ ಸತ್ತರು. ಶೆಕ್ ಎಕ್ಸ್‌ಲಿ ಅನ್ನೋ ಗಣಿತದ ಮೇಷ್ಟ್ರು, ಸ್ವತಃ ದೊಡ್ಡ ಗುಹಾ ಡೈವರ್, ಒಂದೊಂದು ಸಾವನ್ನೂ ಬಿಡಿಸಿ ನೋಡಿ 1979ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಸಾವುಗಳಲ್ಲಿ ಮತ್ತೆ ಮತ್ತೆ ಕಂಡ ಕಾರಣ ಮೂರು: ಬಾಗಿಲಿನವರೆಗೆ ಮಾರ್ಗದ ಹಗ್ಗ ಇಲ್ಲದ್ದು, ವಾಪಸ್ಸಿಗೆ ಮೂರನೇ ಎರಡು ಭಾಗ ಗಾಳಿ ಉಳಿಸಿಕೊಳ್ಳದ್ದು, ಮಿತಿ ಮೀರಿದ ಆಳ. ಹೋಗೋಕೆ ಒಂದು ಪಾಲು, ಬರೋಕೆ ಒಂದು ಪಾಲು, ಇನ್ನೊಂದು ಪಾಲು ಜೊತೆಗಾರನಿಗೆ. ಈ ನಿಯಮ ಪಾಲಿಸಿದ ಎಷ್ಟೋ ಜನ ಇವತ್ತು ಮನೆಗೆ ವಾಪಸ್ ಬರ್ತಿದ್ದಾರೆ.

ಎಕ್ಸ್‌ಲಿ ವಾಪಸ್ ಬರಲಿಲ್ಲ. 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಜಕಾತೋನ್ ಅನ್ನೋ ಪಾತಾಳದಂಥ ಹೊಂಡದಲ್ಲಿ ಸಾವಿರ ಅಡಿ ಮುಟ್ಟೋಕೆ ಹೋಗಿ ಸುಮಾರು 270 ಮೀಟರ್ ಆಳದಲ್ಲಿ ತೀರಿಕೊಂಡ. ಅಲ್ಲಿ ಒತ್ತಡ 28 ಪಟ್ಟು. ನಮ್ಮ 12 ಲೀಟರಿನ ಸಿಲಿಂಡರ್ ಅಲ್ಲಿ ಬರೋದು ನಾಲ್ಕು ನಿಮಿಷ ಚಿಲ್ಲರೆ, ಅದೂ ಶಾಂತವಾಗಿದ್ದರೆ. ಸಾವಿಗೆ ನಿಖರ ಕಾರಣ ಏನೇ ಇರಲಿ, ಲೆಕ್ಕ ಕಲಿಸಿದ ಮೇಷ್ಟ್ರು ಕೂಡ ಆ ಆಳದಲ್ಲಿ ತಪ್ಪಿಗೆ ಜಾಗವೇ ಇಲ್ಲದಷ್ಟು ಕಡಿಮೆ ನಿಮಿಷಗಳಲ್ಲಿದ್ದ.

ನಮ್ಮ ಕಡೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ನೀರಿಗಿಳಿಯೋರಿಗೆ ಇದೆಲ್ಲ ಬೇಕಾಗಲ್ಲ. ಆಳ ಕಡಿಮೆ, ಜೊತೆಗೆ ತರಬೇತುದಾರ ಇರ್ತಾರೆ. ಆದರೂ ಒಂದು ಮಾತು. ಹೊಸಬರು ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿ ಅನುಭವಿಗಳ ಎರಡು ಪಟ್ಟು ಗಾಳಿ ಖಾಲಿ ಮಾಡ್ತಾರೆ. ಹಾಗಂತ ಉಳಿಸೋಕೆ ಹೋಗಿ ಉಸಿರು ಹಿಡೀಬೇಡಿ. ಹಿಡಿದರೆ ಹಾಲ್ಡೇನ್ ಹೇಳಿದ ಇಂಗಾಲದ ಡೈಆಕ್ಸೈಡ್ ಸೇರಿ ತಲೆನೋವು, ಆಮೇಲೆ ಇನ್ನೂ ಹೆಚ್ಚು ಏದುಸಿರು. ಉಸಿರು ಹಿಡಿದು ಮೇಲೆ ಬಂದರೆ ಶ್ವಾಸಕೋಶವೇ ಹರೀಬಹುದು. ನಿಧಾನಕ್ಕೆ ಎಳೆಯಿರಿ, ಪೂರ್ತಿ ಬಿಡಿ, ಕೈಕಾಲು ಕಡಿಮೆ ಆಡಿಸಿ. ಮಧ್ಯೆ ಮಧ್ಯೆ ಮೀಟರ್ ನೋಡಿ.

ಮತ್ತೆ ಯಾರಾದರೂ "ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ?" ಅಂತ ಕೇಳಿದರೆ ನಿಮಿಷ ಹೇಳಬೇಡಿ. ಮೊದಲು ಎಷ್ಟು ಆಳ ಅಂತ ಕೇಳಿ. ಆಮೇಲೆ ಎಷ್ಟು ಜನಕ್ಕೆ ಅಂತಲೂ ಕೇಳಿ.